ಮೂರು ಕಾಲಿನ ತೂಬು

ನಿಮ್ಮ ಮನೆಯ ಅಟ್ಟದ ಮೇಲೋ ಅಜ್ಜನ ಟ್ರಂಕಿನಲ್ಲೋ ಒಂದು ಹಳೆಯ ರೇಡಿಯೋ ಇದ್ದೀತು. ಮೇಲೆ ಚರ್ಮದ ಚೀಲ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ, ಮುಂದೆ ಅಂಕಿಗಳ ಮೇಲೆ ಓಡಾಡುವ ಕೆಂಪು ಮುಳ್ಳು. ಇದಕ್ಕೆ ಏನೆಂದು ಕರೆಯುತ್ತಿದ್ದಿರಿ ಎಂದು ಅಜ್ಜನನ್ನು ಕೇಳಿ ನೋಡಿ. 'ರೇಡಿಯೋ' ಎನ್ನುವ ಬದಲು 'ಟ್ರಾನ್ಸಿಸ್ಟರ್' ಎಂದು ಹೇಳುವ ಸಂಭವವೇ ಹೆಚ್ಚು. ಹಾನಗಲ್ಲಿನ ಭತ್ತದ ಗದ್ದೆಯ ಬದುವಿನ ಮೇಲೆ, ಸವಣೂರಿನ ಎಲೆತೋಟದ ನೆರಳಿನಲ್ಲಿ, ಶಿಗ್ಗಾವಿಯ ಕಡೆ ಕುರಿ ಕಾಯುವವರ ಹೆಗಲಿನಲ್ಲಿ, ಹಿರೇಕೆರೂರಿನ ಹತ್ತಿ ಹೊಲದಲ್ಲಿ ಅದು ಹಾಡಿದ್ದು ಆ ಹೆಸರಿನಿಂದಲೇ.

ಆದರೆ ಗೆಳೆಯರೇ, ಟ್ರಾನ್ಸಿಸ್ಟರ್ ಎಂಬುದು ಆ ಪೆಟ್ಟಿಗೆಯ ಹೆಸರಲ್ಲ. ಪೆಟ್ಟಿಗೆಯೊಳಗೆ ಕಡಲೆಕಾಳಿನಷ್ಟಿರುವ, ಮೂರು ತಂತಿಗಾಲುಗಳ ಒಂದು ಬಿಡಿಭಾಗದ ಹೆಸರು. ಒಂದು ರೇಡಿಯೋದಲ್ಲಿ ಅಂಥವು ಆರೋ ಎಂಟೋ ಇರುತ್ತಿದ್ದವು. ಒಳಗಿನ ಕಾಳಿನ ಹೆಸರನ್ನು ಜನ ಇಡೀ ಪೆಟ್ಟಿಗೆಗೆ ಇಟ್ಟರು. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಗೋಡೆಯ ಪಕ್ಕ ಕೂತಿದ್ದ ರೇಡಿಯೋವನ್ನು ಹೊಲಕ್ಕೆ ಕರೆದೊಯ್ದದ್ದು ಆ ಕಾಳೇ ಅಲ್ಲವೇ? ಅದು ಹೇಗೆಂದು ನೋಡೋಣ.

ಗಾಜಿನ ಬುರುಡೆಯ ಕಾಲ

ಕನ್ನಡ ನಾಡಿಗೆ ರೇಡಿಯೋ ಬೇಗನೆ ಬಂತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ನಮ್ಮ ಭಾಗಕ್ಕೆ ಹತ್ತಿರದ ಧಾರವಾಡ ಕೇಂದ್ರ 1950ರಲ್ಲಿ ಶುರುವಾಯಿತು. ಅದರ ದನಿ ಹೊತ್ತ ಅಲೆಗಳು ಸವಣೂರಿನ ಮೇಲೂ ಹಾದವು, ಹಿರೇಕೆರೂರಿನ ಮೇಲೂ ಹಾದವು. ಅಲೆಗಳಿಗೆ ರಸ್ತೆ ಬೇಡ, ಸೇತುವೆ ಬೇಡ. ಆದರೆ ಅವನ್ನು ಹಿಡಿದು ಕೇಳಿಸುವ ಪೆಟ್ಟಿಗೆ ಹಳ್ಳಿಗಳಲ್ಲಿ ಎಲ್ಲಿತ್ತು?

ಅಂದಿನ ರೇಡಿಯೋಗಳಲ್ಲಿ 'ವಾಲ್ವ್' ಎಂಬ ಗಾಜಿನ ಬುರುಡೆಗಳಿದ್ದವು. ನೋಡಲು ಸಣ್ಣ ಬಲ್ಬಿನಂತೆ. ಒಳಗಿನ ಗಾಳಿಯನ್ನೆಲ್ಲ ಹೊರತೆಗೆದು ಮುಚ್ಚಿರುತ್ತಿದ್ದರು. ಒಳಗಿನ ತಂತಿ ಕೆಂಪಗೆ ಕಾಯಬೇಕು, ಕಾದ ಮೇಲೆ ಅದರ ಬಳಿಯಿಂದ ಎಲೆಕ್ಟ್ರಾನುಗಳು ಹೊರಡಬೇಕು, ಆಮೇಲೆ ಕೆಲಸ. ಹಾಗಾಗಿ ಗುಂಡಿ ತಿರುಗಿಸಿದ ಕೂಡಲೇ ದನಿ ಬರುತ್ತಿರಲಿಲ್ಲ. ಬುರುಡೆ ಕಾಯುವ ತನಕ ಎಲ್ಲರೂ ಪೆಟ್ಟಿಗೆಯ ಮುಖ ನೋಡುತ್ತ ಕೂರಬೇಕಿತ್ತು. ತಂತಿ ಕಾಯಿಸಲು ಒಂದಷ್ಟು ವಿದ್ಯುತ್ತು, ಎಲೆಕ್ಟ್ರಾನುಗಳನ್ನು ಸೆಳೆಯಲು ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ವೋಲ್ಟು ಬೇಕು. ಆಗ ನಮ್ಮ ಹೆಚ್ಚಿನ ಹಳ್ಳಿಗಳಿಗೆ ವಿದ್ಯುತ್ ಕಂಬವೇ ಬಂದಿರಲಿಲ್ಲ. ಬ್ಯಾಟರಿಯಿಂದ ನಡೆಯುವ ವಾಲ್ವ್ ರೇಡಿಯೋಗಳೂ ಇದ್ದವು, ನಿಜ. ಆದರೆ ಅವುಗಳ ಬ್ಯಾಟರಿಯೇ ಒಂದು ಹೊರೆ, ಬೆಲೆಯೂ ಹೊರೆ. ಸಾಲದ್ದಕ್ಕೆ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ವರ್ಷ ವರ್ಷ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಆ ಪದ್ಧತಿ ಪೂರ್ತಿ ನಿಂತದ್ದು 1980ರ ದಶಕದಲ್ಲಿ.

ಹೀಗಾಗಿ ಅಲೆ ಎಲ್ಲರ ತಲೆಯ ಮೇಲೆ ಹೋಗುತ್ತಿತ್ತು, ಮಾತು ಮಾತ್ರ ಉಳ್ಳವರ ಮನೆಯಲ್ಲಿ ಕೇಳುತ್ತಿತ್ತು.

ಕೆರೆಯ ತೂಬಿನಲ್ಲಿ ಒಂದು ಪಾಠ

ವಾಲ್ವ್ ಮಾಡುತ್ತಿದ್ದ ಕೆಲಸವಾದರೂ ಏನು? ಧಾರವಾಡದಿಂದ ಹೊರಟ ಅಲೆ ನಿಮ್ಮೂರಿಗೆ ಬರುವಷ್ಟರಲ್ಲಿ ತೀರ ಕ್ಷೀಣವಾಗಿರುತ್ತದೆ. ರೇಡಿಯೋದ ತಂತಿಯಲ್ಲಿ ಅದು ಹುಟ್ಟಿಸುವ ವಿದ್ಯುತ್ತಿನಿಂದ ಸ್ಪೀಕರು ಅಲುಗುವುದೂ ಇಲ್ಲ. ಆ ಕ್ಷೀಣ ಅಲುಗಾಟವನ್ನು, ಅದರ ಏರಿಳಿತ ಕೆಡದಂತೆ, ದೊಡ್ಡದು ಮಾಡಬೇಕು. ಇದಕ್ಕೆ 'ವರ್ಧನೆ' ಎನ್ನುತ್ತಾರೆ.

ಇದನ್ನು ತಿಳಿಯಲು ಹಿರೇಕೆರೂರು ಸೀಮೆಯ ಮದಗ ಮಾಸೂರು ಕೆರೆಗೆ ಹೋಗೋಣ. ಅಥವಾ ನಿಮ್ಮೂರಿನ ಕೆರೆಯೇ ಆಗಲಿ. ಕೆರೆಗೆ ತೂಬು ಇರುತ್ತದೆಯಲ್ಲ, ಅದನ್ನು ಎತ್ತುವವರು ನೀರನ್ನು ತಳ್ಳುವುದಿಲ್ಲ. ನೀರಿನ ಬಲ ಕೆರೆಯದೇ. ಅವರು ಬಾಗಿಲನ್ನು ಸ್ವಲ್ಪ ಮೇಲೆತ್ತುತ್ತಾರೆ, ಸ್ವಲ್ಪ ಇಳಿಸುತ್ತಾರೆ. ಕೈಯ ಆ ಸಣ್ಣ ಚಲನೆ ಕಾಲುವೆಯಲ್ಲಿ ದೊಡ್ಡ ಹರಿವಾಗಿ ಕಾಣುತ್ತದೆ. ಕೈ ಮೇಲೆ ಕೆಳಗೆ ಆಡಿದಂತೆ ಕಾಲುವೆಯ ನೀರೂ ಏರುತ್ತದೆ, ಇಳಿಯುತ್ತದೆ.

ರೇಡಿಯೋದಲ್ಲಿ ಕೆರೆ ಎಂದರೆ ಸೆಲ್ಲು. ಕಾಲುವೆ ಎಂದರೆ ಸ್ಪೀಕರಿಗೆ ಹೋಗುವ ವಿದ್ಯುತ್ತು. ತೂಬನ್ನು ಆಡಿಸುವ ಕೈ ಎಂದರೆ ಧಾರವಾಡದಿಂದ ಬಂದ ಕ್ಷೀಣ ಅಲೆ. ತೂಬು ಹೊಸ ನೀರನ್ನು ಹುಟ್ಟಿಸುವುದಿಲ್ಲ, ಟ್ರಾನ್ಸಿಸ್ಟರು ಹೊಸ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಸೆಲ್ಲು ಮುಗಿದರೆ ರೇಡಿಯೋ ಮೂಕ, ಕೆರೆ ಬತ್ತಿದರೆ ತೂಬು ಎತ್ತಿ ಏನು ಫಲ? ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಇಂಥ ವಿದ್ಯುತ್ ತೂಬನ್ನು ಮೊದಲು ಗಾಜಿನಲ್ಲಿ ಮಾಡಿದವರು ಅಮೆರಿಕದ ಲೀ ಡಿ ಫಾರೆಸ್ಟ್, 1906ರಲ್ಲಿ. ಅವರು ವಾಲ್ವಿನೊಳಗೆ ಒಂದು ಜಾಲರಿ ಇಟ್ಟು ಎಲೆಕ್ಟ್ರಾನುಗಳ ಹರಿವನ್ನು ಹಿಡಿತಕ್ಕೆ ತಂದರು. ಕಾಯದ, ಒಡೆಯದ, ಗಾಜಿಲ್ಲದ ತೂಬು ಸಿಗಲು ಇನ್ನೂ ನಲವತ್ತೊಂದು ವರ್ಷ ಬೇಕಾಯಿತು.

ಚಿನ್ನದ ಹಾಳೆ, ಕ್ಷೌರದ ಬ್ಲೇಡು

1947ರ ಡಿಸೆಂಬರ್. ನಮಗೆ ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಇನ್ನೂ ನವಾಬರ ಸಂಸ್ಥಾನ, ಮುಂಬಯಿ ಪ್ರಾಂತದಲ್ಲಿ ಅದು ವಿಲೀನವಾದದ್ದು 1948ರಲ್ಲಿ. ಅದೇ ಹೊತ್ತಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಬ್ಬರು ವಿಜ್ಞಾನಿಗಳು ಜರ್ಮೇನಿಯಂ ಎಂಬ ಹೊಳೆಯುವ ಬೂದುಬಣ್ಣದ ಚೂರಿನ ಮುಂದೆ ಕೂತಿದ್ದರು.

ಜಾನ್ ಬಾರ್ಡೀನ್ ಲೆಕ್ಕ ಮತ್ತು ಸಿದ್ಧಾಂತದವರು. ವಾಲ್ಟರ್ ಬ್ರಾಟನ್ ಕೈಕೆಲಸದವರು, ಚಿಕ್ಕಂದಿನಲ್ಲಿ ತಂದೆಯ ದನಗಳನ್ನು ಕಾಯ್ದು ಬೆಳೆದವರು. ಬ್ರಾಟನ್ ಪ್ಲಾಸ್ಟಿಕ್ಕಿನ ಒಂದು ತ್ರಿಕೋನದ ಅಂಚಿಗೆ ಚಿನ್ನದ ತೆಳು ಹಾಳೆ ಅಂಟಿಸಿದರು. ತುದಿಯಲ್ಲಿ ಹಾಳೆಯನ್ನು ಬ್ಲೇಡಿನಿಂದ ಸೀಳಿದರು. ಚಿನ್ನ ಎರಡು ಭಾಗವಾಯಿತು, ನಡುವೆ ಕೂದಲೆಳೆಯಷ್ಟು ಸಂದು. ಆ ತುದಿಯನ್ನು ಒಂದು ಸ್ಪ್ರಿಂಗಿನಿಂದ ಜರ್ಮೇನಿಯಂ ಮೇಲೆ ಒತ್ತಿ ಹಿಡಿದರು. ಡಿಸೆಂಬರ್ 16ರಂದು ಒಂದು ಚಿನ್ನದ ತುದಿಗೆ ಸಣ್ಣ ವಿದ್ಯುತ್ ಸಂಕೇತ ಕೊಟ್ಟರು, ಇನ್ನೊಂದರಿಂದ ಅದು ದೊಡ್ಡದಾಗಿ ಹೊರಬಂತು. 23ರಂದು ಹಿರಿಯ ಅಧಿಕಾರಿಗಳ ಮುಂದೆ ಅದರ ಮೂಲಕ ಮಾತನಾಡಿ ತೋರಿಸಿದರು. ಕಾಯಲಿಲ್ಲ, ಕಾಯಿಸಲಿಲ್ಲ, ದನಿ ತಕ್ಷಣ ಕೇಳಿತು.

ಆ ಮೊದಲ ಟ್ರಾನ್ಸಿಸ್ಟರಿನ ಚಿತ್ರ ಎಲ್ಲಾದರೂ ಸಿಕ್ಕರೆ ನೋಡಿ. ಮಕ್ಕಳು ಮಾಡಿದ ವಸ್ತುಪ್ರದರ್ಶನದ ಮಾದರಿಯಂತೆ ಒರಟೊರಟಾಗಿದೆ. ನನಗೆ ಅದು ಇಷ್ಟವಾಗುವುದೂ ಅದಕ್ಕೇ.

ಅವರ ತಂಡದ ಮುಖ್ಯಸ್ಥ ವಿಲಿಯಂ ಶಾಕ್ಲಿ. ಆ ಪ್ರಯೋಗದಲ್ಲಿ ತಮ್ಮ ಕೈ ಇರಲಿಲ್ಲವಲ್ಲ ಎಂಬುದು ಅವರಿಗೆ ಬಹಳ ನೋವಿನ ಸಂಗತಿಯಾಯಿತು. ಒಬ್ಬರೇ ಕೂತು ಕೆಲವೇ ವಾರಗಳಲ್ಲಿ ಇನ್ನೂ ಗಟ್ಟಿಯಾದ, ತಯಾರಿಸಲು ಸುಲಭವಾದ ಬೇರೊಂದು ವಿನ್ಯಾಸ ಮಾಡಿದರು. ಮುಂದೆ ರೇಡಿಯೋಗಳಿಗೆ ಬಂದದ್ದು ಆ ಬಗೆಯದೇ. ಅಸೂಯೆಯಿಂದಲೂ ಒಳ್ಳೆಯ ಕೆಲಸ ಆಗುವುದುಂಟು, ಆದರೆ ಆ ಮೂವರ ಸ್ನೇಹ ಮಾತ್ರ ಉಳಿಯಲಿಲ್ಲ. ಮೂವರಿಗೂ 1956ರಲ್ಲಿ ನೊಬೆಲ್ ಬಹುಮಾನ ಬಂತು. 1948ರಲ್ಲಿ ಈ ಸುದ್ದಿ ಹೊರಬಿದ್ದಾಗ ಅಮೆರಿಕದ ದೊಡ್ಡ ಪತ್ರಿಕೆಯೊಂದು ಒಳಪುಟದಲ್ಲಿ ಕೆಲವೇ ಸಾಲು ಹಾಕಿತ್ತು!

ಅರೆವಾಹಕ ಎಂದರೇನು?

ತಾಮ್ರದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಅದು ವಾಹಕ. ಗಾಜಿನಲ್ಲಿ ಹರಿಯುವುದಿಲ್ಲ, ಅದು ಅವಾಹಕ. ಜರ್ಮೇನಿಯಂ ಮತ್ತು ಸಿಲಿಕಾನ್ ಇವೆರಡರ ನಡುವಿನವು, ಆದ್ದರಿಂದ ಅರೆವಾಹಕಗಳು. ಇಂಥ ವಸ್ತುಗಳ ಗುಣವನ್ನು ನಮ್ಮ ದೇಶದ ಜಗದೀಶಚಂದ್ರ ಬೋಸರು ಬಹಳ ಮೊದಲೇ ಬಳಸಿಕೊಂಡಿದ್ದರು. ಸೀಸದ ಅದಿರಿನ ಹರಳಿನಿಂದ ರೇಡಿಯೋ ಅಲೆಗಳನ್ನು ಪತ್ತೆ ಮಾಡುವ ಅವರ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತ್ತು.

ಅಪ್ಪಟ ಸಿಲಿಕಾನ್ ಹೆಚ್ಚು ಉಪಯೋಗಕ್ಕೆ ಬಾರದು. ಅದಕ್ಕೆ ಒಂದಿಷ್ಟು ಒಗ್ಗರಣೆ ಬೇಕು. ಲಕ್ಷಾಂತರ ಸಿಲಿಕಾನ್ ಪರಮಾಣುಗಳ ನಡುವೆ ಒಂದು ರಂಜಕದ ಪರಮಾಣು ಸೇರಿಸಿದರೂ ಸಾಕು, ಒಂದು ಎಲೆಕ್ಟ್ರಾನು ಹೆಚ್ಚಾಗಿ ಉಳಿದು ಓಡಾಡತೊಡಗುತ್ತದೆ. ರಂಜಕದ ಬದಲು ಬೋರಾನ್ ಸೇರಿಸಿದರೆ ಒಂದು ಎಲೆಕ್ಟ್ರಾನು ಕಡಿಮೆಯಾಗಿ ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ. ತಮಾಷೆಯೆಂದರೆ ಈ ಖಾಲಿ ಜಾಗವೂ ಓಡಾಡುತ್ತದೆ! ನಿಮ್ಮ ತರಗತಿಯಲ್ಲೇ ಮಾಡಿ ನೋಡಿ. ಒಂದು ಸಾಲಿನಲ್ಲಿ ಹತ್ತು ಜನ ಕೂತು, ಎಡತುದಿಯ ಜಾಗ ಖಾಲಿ ಬಿಡಿ. ಪಕ್ಕದವರು ಆ ಜಾಗಕ್ಕೆ ಸರಿಯಲಿ, ಆಮೇಲೆ ಅವರ ಪಕ್ಕದವರು, ಹೀಗೆ. ಜನ ಎಡಕ್ಕೆ ಸರಿದರು, ಖಾಲಿ ಜಾಗ ಬಲಕ್ಕೆ ನಡೆಯಿತು.

ಎಲೆಕ್ಟ್ರಾನು ಹೆಚ್ಚಿರುವ ಎರಡು ಪದರಗಳ ನಡುವೆ ಖಾಲಿ ಜಾಗಗಳಿರುವ ತೀರ ತೆಳುವಾದ ಒಂದು ಪದರ ಇಟ್ಟರೆ ಶಾಕ್ಲಿಯವರ ಬಗೆಯ ಟ್ರಾನ್ಸಿಸ್ಟರ್ ಆಯಿತು. ಮೂರು ಪದರಕ್ಕೆ ಮೂರು ಕಾಲು. ನಡುವಿನ ಕಾಲಿಗೆ ಏನೂ ಕೊಡದಿದ್ದರೆ ಆಚೀಚೆಯ ಪದರಗಳ ನಡುವೆ ಹರಿವಿಲ್ಲ, ತೂಬು ಮುಚ್ಚಿದೆ. ನಡುವಿನ ಕಾಲಿಗೆ ಚೂರು ವಿದ್ಯುತ್ತು ಕೊಟ್ಟರೆ ದಾರಿ ತೆರೆಯುತ್ತದೆ, ಅದರ ಹತ್ತಾರು ಪಟ್ಟು ವಿದ್ಯುತ್ತು ಆಚೆಯಿಂದ ಈಚೆಗೆ ಹರಿಯುತ್ತದೆ. ಅಲುಗಾಡುವ ಭಾಗವಿಲ್ಲ, ಕಾಯಿಸುವ ತಂತಿಯಿಲ್ಲ, ಸವೆಯುವುದೂ ಇಲ್ಲ.

ಮೊದಮೊದಲು ಎಲ್ಲವೂ ಜರ್ಮೇನಿಯಂನಿಂದ ಆಗುತ್ತಿದ್ದವು. ಆದರೆ ಜರ್ಮೇನಿಯಂಗೆ ಬಿಸಿಲು ಆಗದು. ಕಾದರೆ ತೂಬು ಸೋರತೊಡಗುತ್ತದೆ. 1954ರಲ್ಲಿ ಸಿಲಿಕಾನಿನ ಟ್ರಾನ್ಸಿಸ್ಟರ್ ಮಾರುಕಟ್ಟೆಗೆ ಬಂದ ಮೇಲೆ ಈ ತೊಂದರೆ ಕ್ರಮೇಣ ಕಡಿಮೆಯಾಯಿತು. ಸಿಲಿಕಾನ್ ಎಲ್ಲಿದೆ ಎನ್ನುವಿರಾ? ವರದಾ ನದಿಯ ಮರಳಿನಲ್ಲೂ ಇದೆ, ಆಮ್ಲಜನಕದ ಜೊತೆ ಸೇರಿಕೊಂಡು. ಅದನ್ನು ಬೇರ್ಪಡಿಸಿ ನೂರು ಕೋಟಿ ಪರಮಾಣುಗಳಲ್ಲಿ ಒಂದು ಕೂಡ ಬೇರೆಯದಿರದಷ್ಟು ಶುದ್ಧ ಮಾಡುವುದೇ ಕಷ್ಟದ ಕೆಲಸ.

ಹೊಲಕ್ಕೆ ಬಂದ ದನಿ

ಟ್ರಾನ್ಸಿಸ್ಟರಿನ ಮೊದಲ ಉಪಕಾರ ಕಿವಿ ಕೇಳದವರಿಗೆ. 1952ರ ಕೊನೆಯಲ್ಲಿ ಅದನ್ನು ಬಳಸಿದ ಶ್ರವಣ ಸಾಧನ ಬಂತು. 1954ರಲ್ಲಿ ಅಮೆರಿಕದಲ್ಲಿ ಕೇವಲ 4 ಟ್ರಾನ್ಸಿಸ್ಟರಿನ, ಜೇಬಿನಲ್ಲಿ ಹಿಡಿಸುವ ರೇಡಿಯೋ ಮಾರಾಟಕ್ಕೆ ಬಂತು. ಬೆಲೆ ಸುಮಾರು 50 ಡಾಲರ್, ಅಲ್ಲಿನವರಿಗೂ ಅದು ದುಬಾರಿಯೇ. ಮರುವರ್ಷ ಜಪಾನಿನವರೂ ತಯಾರಿಸಿದರು, ಬೆಲೆ ಇಳಿಯುತ್ತ ಹೋಯಿತು.

ನಮ್ಮಲ್ಲಿ ಆ ಹೊತ್ತಿಗೆ ಬೇರೊಂದು ಪ್ರಯತ್ನ ನಡೆದಿತ್ತು. 1956ರಲ್ಲಿ ಪುಣೆಯ ಸುತ್ತಲಿನ 5 ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ 'ರೇಡಿಯೋ ಗ್ರಾಮೀಣ ವೇದಿಕೆ' ಮಾಡಿದರು. ಊರಿಗೊಂದು ರೇಡಿಯೋ. ರೈತರು ಒಟ್ಟಿಗೆ ಕೂತು ಕೃಷಿಯ ಮಾತು ಕೇಳಬೇಕು, ಚರ್ಚೆ ಮಾಡಬೇಕು, ಪ್ರಶ್ನೆ ಬರೆದು ಕೇಂದ್ರಕ್ಕೆ ಕಳಿಸಬೇಕು. ಅದು ಚೆನ್ನಾಗಿ ನಡೆದದ್ದರಿಂದ 1959ರಲ್ಲಿ ದೇಶದ ಬೇರೆ ಕಡೆಗೂ ವಿಸ್ತರಿಸಿದರು. ಆದರೆ ಊರಿಗೊಂದು ರೇಡಿಯೋ ಇದ್ದಲ್ಲಿ ಅದು ಯಾರ ಕಟ್ಟೆಯ ಮೇಲಿದೆ, ಆ ಕಟ್ಟೆಯ ಹತ್ತಿರ ಯಾರು ಹೋಗಬಹುದು, ಯಾರು ದೂರ ನಿಲ್ಲಬೇಕು ಎಂಬ ಪ್ರಶ್ನೆಯೂ ಇರುತ್ತದಲ್ಲವೇ?

ಸೆಲ್ಲಿನ ರೇಡಿಯೋ ಈ ಪ್ರಶ್ನೆಯನ್ನೇ ಪಕ್ಕಕ್ಕೆ ಸರಿಸಿತು. ಎರಡೋ ನಾಲ್ಕೋ ಸೆಲ್ಲು, ಮೂರು ಅಥವಾ ಆರು ವೋಲ್ಟು, ಅಷ್ಟೇ. ಕಂಬ ಬರುವ ಮೊದಲೇ ದನಿ ಬಂತು. ಭತ್ತಕ್ಕೆ ರೋಗ ಬಂದರೆ ಏನು ಮಾಡಬೇಕು, ಮಳೆ ಯಾವಾಗ, ಪೇಟೆಯಲ್ಲಿ ಧಾರಣೆ ಎಷ್ಟು ಎಂಬುದನ್ನು ಓದು ಬಾರದವರೂ ತಮ್ಮ ಭಾಷೆಯಲ್ಲೇ ಕೇಳಿದರು. ಪಕ್ಕದ ತಮಿಳುನಾಡಿನಲ್ಲಿ 1960ರ ದಶಕದ ಕೊನೆಗೆ ಎ.ಡಿ.ಟಿ. 27 ಎಂಬ ಭತ್ತದ ತಳಿಯನ್ನು ರೇಡಿಯೋ ಎಷ್ಟು ಚೆನ್ನಾಗಿ ಪ್ರಚಾರ ಮಾಡಿತೆಂದರೆ ರೈತರು ಅದನ್ನು 'ರೇಡಿಯೋ ಭತ್ತ' ಎಂದೇ ಕರೆದರು. 2000ರ ದಶಕದಲ್ಲಿ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ 'ಚಿಣ್ಣರ ಚುಕ್ಕಿ', 'ಕೇಳಿ ಕಲಿ' ಎಂಬ ಪಾಠಗಳು ಬಂದದ್ದೂ ರೇಡಿಯೋದ ಮೂಲಕವೇ. ನಿಮ್ಮ ಅಕ್ಕ, ಅಣ್ಣ, ಚಿಕ್ಕಮ್ಮ ಯಾರಾದರೂ ಅವನ್ನು ಕೇಳಿರಬಹುದು.

ಎಲ್ಲವೂ ಸಿಹಿಯಾಗಿರಲಿಲ್ಲ. ಸೆಲ್ಲಿಗೆ ದುಡ್ಡು ಬೇಕು. ಸೆಲ್ಲು ಸೋತಾಗ ಬಿಸಿಲಿಗೆ ಇಟ್ಟು, ಅದು ಚೂರು ಚೇತರಿಸಿಕೊಂಡಾಗ ವಾರ್ತೆ ಕೇಳಿ ಮತ್ತೆ ಆರಿಸುತ್ತಿದ್ದ ಮನೆಗಳು ಎಷ್ಟೋ. (ಬಿಸಿಯಾದಾಗ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ, ಅದಕ್ಕೆ ಹಾಗೆ.) ಇನ್ನು ಮುಳ್ಳು ತಿರುಗಿಸುವ ಅಧಿಕಾರ ಅನೇಕ ಮನೆಗಳಲ್ಲಿ ಗಂಡಸರ ಕೈಯಲ್ಲೇ ಇತ್ತು. ಅಜ್ಜಿಗೆ ಬೇಕಾದ ಹಾಡು ಬರುವ ಹೊತ್ತಿಗೆ ಅಜ್ಜ ರೇಡಿಯೋ ಹೊತ್ತು ಹೊಲದಲ್ಲಿ! ನಿಮ್ಮ ಅಜ್ಜಿಯನ್ನು ಕೇಳಿ, ಬೇರೆಯದೇ ಕಥೆ ಹೇಳಿಯಾರು.

ಅಂದಿನ ರೇಡಿಯೋಗಳೊಳಗಿನ ಟ್ರಾನ್ಸಿಸ್ಟರುಗಳೆಲ್ಲ ಹೊರದೇಶದಿಂದ ಬಂದವಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇದೆ, 1954ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿದರು. ಹಳೆಯ ರೇಡಿಯೋಗಳ ಒಳಗೆ ಈ ಕಾರ್ಖಾನೆಯ ಹೆಸರಿನ ಟ್ರಾನ್ಸಿಸ್ಟರುಗಳು ಈಗಲೂ ಕಾಣಸಿಗುತ್ತವೆ.

ಪೂರ್ತಿ ಮುಚ್ಚು, ಪೂರ್ತಿ ತೆರೆ

ತೂಬನ್ನು ಮೆಲ್ಲಗೆ ಆಡಿಸಿದರೆ ವರ್ಧನೆ. ಹಾಗೆ ಆಡಿಸದೆ ಪೂರ್ತಿ ಮುಚ್ಚುವುದು ಇಲ್ಲವೇ ಪೂರ್ತಿ ತೆರೆಯುವುದು, ಎರಡೇ ಕೆಲಸ ಮಾಡಿದರೆ? ಆಗ ಅದು ಸ್ವಿಚ್ಚು. ಮುಚ್ಚಿದ್ದಕ್ಕೆ 0, ತೆರೆದದ್ದಕ್ಕೆ 1 ಎನ್ನೋಣ. ಎರಡು ತೂಬಿದ್ದರೆ 00, 01, 10, 11 ಎಂದು ನಾಲ್ಕು ಬಗೆ. ಮೂರಿದ್ದರೆ ಎಂಟು. ಎಂಟು ತೂಬುಗಳಿದ್ದರೆ 256 ಬಗೆ. ಇಷ್ಟರಿಂದ ಯಾವ ಸಂಖ್ಯೆಯನ್ನಾದರೂ ಬರೆಯಬಹುದು, ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಟ್ಟರೆ ಅಕ್ಷರವನ್ನೂ ಬರೆಯಬಹುದು. ಮೊಬೈಲು ಮತ್ತು ಕಂಪ್ಯೂಟರುಗಳಲ್ಲಿ ನಮ್ಮ 'ಕ' ಅಕ್ಷರದ ಸಂಖ್ಯೆ 3221. ಹನ್ನೆರಡು ತೂಬುಗಳ ಸಾಲಿನಲ್ಲಿ ಅದು 110010010101. ನೀವು 'ಕ' ಒತ್ತಿದಾಗಲೆಲ್ಲ ಒಳಗೆ ಇಂಥದ್ದೊಂದು ಸಾಲು ಮುಚ್ಚಿ ತೆರೆಯುತ್ತದೆ.

ಈ ಕೆಲಸವನ್ನೂ ಮೊದಲು ವಾಲ್ವಿನಿಂದಲೇ ಮಾಡಿದ್ದರು. 1946ರ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ ಸುಮಾರು 18,000 ಬುರುಡೆಗಳಿದ್ದವು. ಒಂದು ದೊಡ್ಡ ಕೋಣೆಯ ತುಂಬ ಅದೇ. ಇವತ್ತು ಒಂದು ಬುರುಡೆ, ನಾಳೆ ಇನ್ನೊಂದು ಕೆಡುತ್ತಿತ್ತು. 1958ರಲ್ಲಿ ಜಾಕ್ ಕಿಲ್ಬಿ ಎಂಬ ಇಂಜಿನಿಯರ್ ಟ್ರಾನ್ಸಿಸ್ಟರು ಮತ್ತು ಅದರ ಜೊತೆಗಾರ ಭಾಗಗಳನ್ನೆಲ್ಲ ಅರೆವಾಹಕದ ಒಂದೇ ಚೂರಿನ ಮೇಲೆ ಮಾಡಿ ತೋರಿಸಿದರು. ಅದೇ ಇಂದಿನ 'ಚಿಪ್'. 1971ರ ಒಂದು ಹೆಸರಾಂತ ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. ಈಗಿನ ದುಬಾರಿ ಮೊಬೈಲೊಂದರ ಮುಖ್ಯ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು. ಅಜ್ಜನ ರೇಡಿಯೋದಲ್ಲಿ ಎಂಟು ಇದ್ದವು!

ಸ್ವಿಚ್ಚಾಗಿ ದುಡಿಯುವ ಟ್ರಾನ್ಸಿಸ್ಟರು ನಿಮ್ಮ ಶಾಲೆಗೂ ಬಂದು ಹೋಗುತ್ತದೆ. ಚುನಾವಣೆಯ ದಿನ ನಿಮಗೆ ರಜೆ, ನಿಮ್ಮ ತರಗತಿ ಮತಗಟ್ಟೆ. ಅಲ್ಲಿಗೆ ತರುವ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಮೇಲೆ ಹೇಳಿದ ಜಾಲಹಳ್ಳಿಯ ಕಾರ್ಖಾನೆಯೇ. 2004ರ ಲೋಕಸಭಾ ಚುನಾವಣೆ ದೇಶದ ಎಲ್ಲ ಕಡೆ ಈ ಯಂತ್ರಗಳಿಂದಲೇ ನಡೆಯಿತು. ಮತಯಂತ್ರ ಬ್ಯಾಟರಿಯಿಂದ ನಡೆಯುತ್ತದೆ, ಮತಗಟ್ಟೆಯಲ್ಲಿ ಕರೆಂಟು ಇಲ್ಲದಿದ್ದರೂ ನಿಲ್ಲುವುದಿಲ್ಲ. ಕಂಬವಿಲ್ಲದ ಊರಿನಲ್ಲಿ ಅಂದು ರೇಡಿಯೋ ಹಾಡಿದ್ದೂ ಇದೇ ಕಾರಣಕ್ಕೆ ಅಲ್ಲವೇ?

ಮಾಡಿ ನೋಡಿ

ಮೊದಲನೆಯದು: ಕೆಟ್ಟು ಮೂಲೆ ಸೇರಿದ, ಸೆಲ್ಲಿನಿಂದ ಮಾತ್ರ ನಡೆಯುವ ರೇಡಿಯೋ ಸಿಕ್ಕರೆ ಮನೆಯವರನ್ನು ಕೇಳಿ ಶಾಲೆಗೆ ತನ್ನಿ. ಸೆಲ್ಲು ತೆಗೆದು, ಶಿಕ್ಷಕರ ಎದುರಿಗೆ ಹಿಂಬದಿಯ ಮುಚ್ಚಳ ಬಿಚ್ಚಿ. ಮೂರು ಕಾಲಿನ ಭಾಗಗಳನ್ನು ಎಣಿಸಿ. ತೀರ ಹಳೆಯದಾದರೆ ಅವು ಲೋಹದ ಸಣ್ಣ ಟೋಪಿಯಂತೆ, ಆಮೇಲಿನದಾದರೆ ಕಪ್ಪು ಪ್ಲಾಸ್ಟಿಕ್ಕಿನ ಅರ್ಧಗುಂಡಿನಂತೆ ಇರುತ್ತವೆ. ಜರಿಹುಳುವಿನಂತೆ ಎರಡೂ ಬದಿಗೆ ಕಾಲುಗಳಿರುವ ಕಪ್ಪು ಚೂರು ಕಂಡರೆ ಅದು ಚಿಪ್. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಾವುದನ್ನೂ, ಟಿ.ವಿ.ಯನ್ನೂ, ಮೊಬೈಲಿನ ಬ್ಯಾಟರಿಯನ್ನೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಹಳೆಯ ಟಿ.ವಿ.ಯ ಒಳಗೆ ಅಪಾಯದಷ್ಟು ವಿದ್ಯುತ್ತು ಉಳಿದಿರುತ್ತದೆ.

ಎರಡನೆಯದು: ನಡೆಯುವ ರೇಡಿಯೋ ಇದ್ದರೆ ಮಧ್ಯಮ ತರಂಗಕ್ಕೆ ಇಟ್ಟು ಮುಳ್ಳನ್ನು ಮೆಲ್ಲಗೆ ತಿರುಗಿಸಿ. ಧಾರವಾಡ ಕೇಂದ್ರವನ್ನು ಹಿರಿಯರು ಹುಡುಕುತ್ತಿದ್ದದ್ದು 700 ಮತ್ತು 800ರ ನಡುವೆ, 765 ಕಿಲೋಹರ್ಟ್ಸ್‌ನಲ್ಲಿ. ಅದೇ ಆಗಬೇಕೆಂದಿಲ್ಲ, ಯಾವುದಾದರೂ ಒಂದು ಕೇಂದ್ರ ಸಿಗಲಿ. ಈಗ ರೇಡಿಯೋವನ್ನು ನೆಲದ ಮೇಲಿಟ್ಟು ನಿಧಾನವಾಗಿ ಸುತ್ತ ತಿರುಗಿಸಿ. ಒಂದು ಕಡೆ ದನಿ ಜೋರು, ಒಂದು ಕಡೆ ತೀರ ಕಡಿಮೆ. ಒಳಗೆ ಅಲೆಯನ್ನು ಹಿಡಿಯುವ ಒಂದು ಕಪ್ಪು ಕಡ್ಡಿ ಇರುತ್ತದೆ, ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದಕ್ಕೂ ಮಲಗಿರುತ್ತದೆ. ಅದರ ತುದಿ ಕೇಂದ್ರದ ಕಡೆಗೆ ಇದ್ದಾಗ ದನಿ ಅತಿ ಕಡಿಮೆ. ಆಗ ಪೆಟ್ಟಿಗೆಯ ಉದ್ದಕ್ಕೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯಿರಿ. ಕೇಂದ್ರ ಯಾವ ಊರಿನದು ಎಂದು ಕೇಳಿಸಿಕೊಂಡು, ನಿಮ್ಮ ಗೆರೆ ಅತ್ತಲೇ ಹೋಗುತ್ತದೆಯೇ ಎಂದು ಕರ್ನಾಟಕದ ನಕಾಶೆ ಹಾಸಿ ಪರೀಕ್ಷಿಸಿ.